ಕಾಂಚನಾಳ ನಾಲ್ಕು ಚೀಲಗಳು

ಬನಹಟ್ಟಿಯ ಕಾಂಚನಾ ಹೋದ ಮಾಘ ಮಾಸದಲ್ಲಿ ತೀರಿಕೊಂಡಳು. ಅರವತ್ತೆರಡು ಇನ್ನೂ ತುಂಬಿರಲಿಲ್ಲ. ಅವತ್ತು ಚಳಿ ಬಹಳ ಇತ್ತು. ಮಣ್ಣು ಮಾಡಲು ಬಂದ ಓಣಿಯ ಮಂದಿಯಲ್ಲಿ ಅರ್ಧಕ್ಕೆ ಅರ್ಧ ಜನ ಅವಳೇ ಹೆಣೆದ ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಅವರ ಮನೆಗಳಲ್ಲಿ ಬೇರೆ ಟೊಪ್ಪಿಗೆ ಇರಲಿಲ್ಲ, ಅಷ್ಟೆ.

ಅವಳ ಕಥೆಯನ್ನು ಟೊಪ್ಪಿಗೆಯಿಂದ ಶುರು ಮಾಡಿದರೆ ಅರ್ಧ ಕಥೆಯಾಗುತ್ತದೆ. ಮಗ್ಗದಿಂದ ಶುರು ಮಾಡಬೇಕು.

ಹತ್ತೊಂಬತ್ತಕ್ಕೆ ಮಹಾಲಿಂಗಪ್ಪನ ಹೆಂಡತಿಯಾಗಿ ಆ ಮನೆಗೆ ಬಂದಳು. ಐದನೆಯ ದಿನ ಅತ್ತೆ ಮುತ್ತವ್ವ ಅವಳನ್ನು ಮುಂದಿನ ಕೋಣೆಯ ಕುಣಿಮಗ್ಗಕ್ಕೆ ಕೂರಿಸಿದಳು. ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈಯಲ್ಲಿ ಲಾಳಿ ಓಡಿಸುತ್ತ ಕಾಂಚನಾ ನಾಲ್ಕು ದಶಕ ಅಲ್ಲೇ ಕೂತಳು. ಮುತ್ತವ್ವ ಕಟ್ಟುನಿಟ್ಟಿನ ಹೆಂಗಸು. ನೇಯ್ದ ಸೀರೆಯನ್ನು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಸವರಿ ನೋಡುತ್ತಿದ್ದಳು. "ಕಣ್ಣ ಮೋಸ ಮಾಡ್ತಾವ, ಬೆರಳ ಮಾಡೂದಿಲ್ಲ," ಎನ್ನುವುದು ಅವಳ ಮಾತು. ನಡುವೆ ಯಾರಾದರೂ ಒಂದು ಗೇಣು ನೇಯ್ದುಕೊಟ್ಟಿದ್ದರೆ ಸರಿಯಾಗಿ ಅದೇ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಕೈ ಬದಲಾಗೈತಿ," ಎಂದು ಹೇಳಿಬಿಡುತ್ತಿದ್ದಳು. ಒಬ್ಬೊಬ್ಬರು ಮಗ್ಗದ ಹಲಗೆ ಬಡಿಯುವ ಜೋರು ಒಂದೊಂದು ತರಹ. ಅದು ಅರಿವೆಯಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಆ ಮನೆಯಲ್ಲಿ ಒಂದು ಸೀರೆಗೆ ಒಂದೇ ಕೈ. ಮಗ ಸುಭಾಷ್ ಹುಟ್ಟಿದಾಗ ಮುಕ್ಕಾಲು ನೇಯ್ದ ಸೀರೆ ಬಾಣಂತನ ಮುಗಿಯುವವರೆಗೆ ಮಗ್ಗದ ಮೇಲೆ ಹಾಗೇ ಕಾದಿತ್ತು. ಮನೆಯಲ್ಲಿ ಇನ್ನೂ ಇಬ್ಬರು ನೇಯುವವರಿದ್ದರೂ ಯಾರೂ ಮುಟ್ಟಲಿಲ್ಲ.

ಐವತ್ತೆಂಟರಲ್ಲಿ ಕಾಂಚನಾಳ ಮೊಣಕಾಲು ಕುಣಿಗೆ ಇಳಿಯಲು ಹಟ ಮಾಡತೊಡಗಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ರೊಟ್ಟಿ ಬಡಿಸುತ್ತಲೇ ಹೇಳಿದಳು:

"ನಾಳಿಂದ ನಾ ಹನ್ನೆರಡಕ್ಕ ಮಗ್ಗ ಬಿಡತೇನಿ. ಅರ್ಧ ರಿಟಾಯರ್ ಆಗೇನಿ."

ಮಹಾಲಿಂಗಪ್ಪ ತಲೆ ಎತ್ತಿದ. "ಅರ್ಧ ಅಂದ್ರ ಯಾವ ಅರ್ಧ? ಸೊಂಟದ ಮ್ಯಾಲಿಂದೋ, ಕೆಳಗಿಂದೋ?"

"ಕೆಳಗಿಂದು. ಮ್ಯಾಲಿಂದು ಇನ್ನೂ ನಿಮ್ಮನ್ನ ಬೈಯಾಕ ಬೇಕು."

ಆದರೆ ಬಿಡುವಾದ ಅರ್ಧ ದಿನವನ್ನು ಮನೆ ಒಂದೇ ವಾರದಲ್ಲಿ ನುಂಗಿಬಿಟ್ಟಿತು. ಹಿಟ್ಟಿನ ಗಿರಣಿಗೆ ಯಾರು ಹೋಗಬೇಕು? ಕಾಂಚನಾ. ಗ್ಯಾಸಿನವನು ಬಂದರೆ? ಕಾಂಚನಾ. ಹಿತ್ತಿಲ ಶೆಡ್ಡಿನಲ್ಲಿ ಮಗ ಸುಭಾಷನ ಆರು ಪವರ್‌ಲೂಮ್ ಓಡುತ್ತವೆ. ಅಲ್ಲಿ ಆಳು ತಪ್ಪಿಸಿಕೊಂಡರೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಮತ್ತೆ ಕಾಂಚನಾ. "ಹೆಂಗೂ ಖಾಲಿ ಅದೀಯಲ್ಲ" ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳಿ ಕೇಳಿ ಅವಳಿಗೆ ರೋಸಿಹೋಯಿತು. ಮಗ್ಗದ ಮೇಲೆ ಕೂತಾಗ ಅವಳನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಕೈಯಲ್ಲಿ ಏನಾದರೂ ಇದ್ದರೆ ಮಾತ್ರ ಹೆಂಗಸಿಗೆ ಮರ್ಯಾದೆ ಎಂದು ಅವಳು ತೀರ್ಮಾನಿಸಿದಳು.

ಕೈಗೆ ಹೆಣಿಕೆಯ ಕಡ್ಡಿ ಕೊಟ್ಟವಳು ಗಂಗಾಂಬಿಕಾ. ಇಬ್ಬರೂ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು. ಕಾಂಚನಾ ಏಳನೆಯದಕ್ಕೆ ನಿಂತಳು. ಗಂಗಾ ಓದಿ ಮುಂದೆ ಹೋಗಿ, ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ರಬಕವಿಯಲ್ಲಿ ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ ಪುಸ್ತಕಗಳ ಜೊತೆ ಇದ್ದಳು. ಹೆಣಿಕೆಯಲ್ಲಿ ಗಂಗಾಳ ವಿದ್ಯೆ ಒಂದು ಮಫ್ಲರಿಗೆ ಮುಗಿಯುತ್ತಿತ್ತು. ಎರಡು ಕುಣಿಕೆ ಸುಲಟಾ, ಎರಡು ಕುಣಿಕೆ ಉಲಟಾ, ಅಷ್ಟೇ ಗೊತ್ತು. ಶಿಷ್ಯೆ ಎರಡೇ ತಿಂಗಳಲ್ಲಿ ಗುರುವನ್ನು ದಾಟಿ ಸ್ವೆಟರಿಗೆ ಹೋದಳು. ಮೊದಲ ಸ್ವೆಟರನ್ನು ಗುರುವಿಗೇ ಹೆಣೆದು ಕೊಟ್ಟಳು.

ಗಂಗಾ ಅದನ್ನು ಹಾಕಿಕೊಂಡು ಮಾಳಿಗೆಯ ಮೇಲೆ ಎಳೆಬಿಸಿಲಿಗೆ ನಿಂತಳು. ಹಿಂದೆ ನಿಂತಿದ್ದ ಕಾಂಚನಾಳ ಮುಖ ಸಣ್ಣದಾಯಿತು.

"ಇದೇನ ಗಂಗಾ! ಕಬ್ಬಿನ ಗಣಿಕಿಯಂಗ ಗಂಟ ಗಂಟ ಕಾಣತೈತಿ ನಿನ್ನ ಬೆನ್ನ."

ನಿಜ. ಬೆನ್ನಿನ ಉದ್ದಕ್ಕೂ ಒಂದು ಪಟ್ಟಿ ಬಿಗಿ, ಒಂದು ಪಟ್ಟಿ ಸಡಿಲು. ಬಿಸಿಲಿಗೆ ಸಡಿಲು ಪಟ್ಟಿಗಳಲ್ಲಿ ಒಳಗಿನ ಸೀರೆ ಕಾಣುತ್ತಿತ್ತು. ಕಾಂಚನಾ ಬೆರಳಿಟ್ಟು ಎಣಿಸಿದಳು, ಹದಿನಾಲ್ಕು. ಕಾರಣ ಹೊಳೆದು ಹಣೆ ಬಡಿದುಕೊಂಡಳು. ಮನೆಯಲ್ಲಿ ಕೂತು ಹೆಣೆಯುವಾಗ ಶೆಡ್ಡಿನ ಆರು ಮಗ್ಗಗಳ ಖಟಾಖಟ್ ಸದ್ದಿಗೆ ಅವಳ ಕೈ ತಾನಾಗಿ ತಾಳ ಹಿಡಿಯುತ್ತಿತ್ತು. ಜೀವಮಾನವಿಡೀ ಬಡಿದ ಕೈ. ಸದ್ದಿದ್ದಷ್ಟು ಹೊತ್ತು ಪ್ರತಿ ಕುಣಿಕೆಯನ್ನೂ ಬಿಗಿದು ಎಳೆಯುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ಕೈಯೂ ಸಡಿಲವಾಗುತ್ತಿತ್ತು. ಮತ್ತೆ ಕರೆಂಟು ಬಂದರೆ ಮತ್ತೆ ಬಿಗಿ. ಹದಿನಾಲ್ಕು ಸಲ ಕರೆಂಟು ಹೋಗಿತ್ತು.

ಗಂಗಾ ನಕ್ಕು ನಕ್ಕು ಗೋಡೆಗೆ ಒರಗಿದಳು. "ನನ್ನ ಬೆನ್ನ ಮ್ಯಾಲ ಕರೆಂಟಿನ ಪಂಚಾಂಗ ಬರದೀಯಲ್ಲಬೇ!"

"ತಗಿ ಅದನ್ನ. ಬಿಚ್ಚತೇನಿ."

"ತಗ್ಯಾಂಗಿಲ್ಲ. ಬೆಚ್ಚಗೈತಿ."

ಗಂಗಾ ತೆಗೆಯಲಿಲ್ಲ. ಎರಡು ಚಳಿಗಾಲ ಅದನ್ನೇ ಹಾಕಿಕೊಂಡು ಬನಹಟ್ಟಿ, ರಬಕವಿ, ಜಮಖಂಡಿಯೆಲ್ಲ ತಿರುಗಿದಳು. ಅವಳನ್ನು ಹಿಂದಿನಿಂದ ಕಂಡಾಗಲೆಲ್ಲ ಕಾಂಚನಾ ಆ ಹದಿನಾಲ್ಕು ಪಟ್ಟಿಗಳನ್ನು ಮತ್ತೆ ಎಣಿಸುತ್ತಿದ್ದಳು. ಆ ಮನೆಯಿಂದ ಒಂದು ದೋಷದ ಸೀರೆ ಹೊರಗೆ ಹೋದದ್ದಿಲ್ಲ. ಹೋದದ್ದು ಇದೊಂದು, ಅದೂ ಪ್ರಾಣದ ಗೆಳತಿಯ ಬೆನ್ನ ಮೇಲೆ. ಒಂದೇ ಒಂದು ಸ್ವೆಟರನ್ನು ಕೊರಳಿನಿಂದ ಅಂಚಿನವರೆಗೆ ಸಮನಾದ ಕೈಯಲ್ಲಿ ಹೆಣೆದು ಗಂಗಾಳಿಗೆ ತೊಡಿಸಬೇಕು. ಅಲ್ಲಿಯವರೆಗೆ ತಾನು ನೇಕಾರರ ಮನೆಯವಳೆಂದು ಹೇಳಿಕೊಳ್ಳುವಂತಿಲ್ಲ ಎಂದು ಕಾಂಚನಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಆಗ ಹುಟ್ಟಿದ್ದು ನಾಲ್ಕು ಚೀಲಗಳು. ಕೈ ಜಾಗಕ್ಕೆ ತಕ್ಕಂತೆ ಬದಲಾಗುವುದಾದರೆ ಜಾಗಕ್ಕೊಂದು ಹೆಣಿಕೆ ಇರಲಿ ಎಂದು ಅವಳು ಹಂಚಿದಳು. ಮೊದಲನೆಯದು ಮನೆಯ ಚೀಲ, ಅದರಲ್ಲಿ ಟೊಪ್ಪಿಗೆಗಳು. ಮಗ್ಗದ ಸದ್ದಿನಲ್ಲಿ ಬಿಗಿಯಾಗಿ ಬರುತ್ತವೆ, ಟೊಪ್ಪಿಗೆ ಬಿಗಿಯಿದ್ದಷ್ಟೂ ಛಲೋ, ಗಾಳಿ ಹೊಗುವುದಿಲ್ಲ. ಎರಡನೆಯದು ಬಸ್ಸಿನ ಚೀಲ. ತಿಂಗಳಿಗೊಮ್ಮೆ ಮಹಾಲಿಂಗಪ್ಪನ ಸಕ್ಕರೆ ಕಾಯಿಲೆ ತೋರಿಸಲು ಮುಧೋಳಕ್ಕೆ ಹೋಗಬೇಕು, ಆಗಾಗ ಬೀಳಗಿಗೆ ಕೊಟ್ಟ ಮಗಳ ಮನೆಗೂ ಹೋಗಬೇಕು. ಬಸ್ಸಿನಲ್ಲಿ ಮೊಮ್ಮಕ್ಕಳ ಕಾಲುಚೀಲ. ಕಬ್ಬಿನ ಸುಗ್ಗಿಯಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡರೆ ಒಂದು ಜೊತೆ ಪೂರಾ ಮುಗಿಯುತ್ತಿತ್ತು. ಉಳಿದವರು ಡ್ರೈವರನನ್ನು ಬೈಯುತ್ತಿದ್ದರೆ ಇವಳು, "ಗಡಬಡ ಮಾಡಬ್ಯಾಡಪಾ, ಹಿಮ್ಮಡ ತಿರುಗಿಸಾಕತ್ತೇನಿ," ಎನ್ನುತ್ತಿದ್ದಳು.

ಮೂರನೆಯದು ಕರೆಂಟು ಹೋದಾಗಿನ ಚೀಲ. ಅದರಲ್ಲಿ ಮುತ್ತವ್ವನಿಗೆ ಒಂದು ಶಾಲು, ಸಡಿಲಾಗಿ, ಮೆತ್ತಗೆ. ಎಂಬತ್ತೈದರ ಮುತ್ತವ್ವನಿಗೆ ಈಗ ಕಣ್ಣು ಪೂರ್ತಿ ಹೋಗಿತ್ತು, ಬೆರಳು ಮಾತ್ರ ಹಾಗೇ ಇದ್ದವು. ಆ ಶಾಲು ಎರಡು ವರ್ಷವಾದರೂ ಮೊಳ ಉದ್ದ ದಾಟಲಿಲ್ಲ.

"ಕಾಂಚವ್ವಾ, ನನ್ನ ಶಾಲ ಎಲ್ಲಿಗಿ ಬಂತು?"

"ನಾ ಹೆಣ್ಯಾಕ ಕೂತಾಗ ಕರೆಂಟ ಹೋಗವಲ್ದರಿ ಅತ್ತಿ, ಏನ ಮಾಡ್ಲಿ?"

"ಹೋಗಬಾರದ ಹೊತ್ತಿನ್ಯಾಗ ಹೋಗತೈತಿ, ಮುದುಕಿ ಸಲುವಾಗಿ ಒಂದ ತಾಸ ಹೋಗಾಕ ಏನ ಧಾಡಿ ಅದಕ್ಕ?"

ನಾಲ್ಕನೆಯ ಚೀಲ ಮನೆಗೆ ಬರುತ್ತಲೇ ಇರಲಿಲ್ಲ. ಅದು ರಬಕವಿಯಲ್ಲಿ ಗಂಗಾಳ ಕೋಣೆಯ ಮೊಳೆಗೆ ತೂಗುಹಾಕಿಕೊಂಡಿತ್ತು. ಅದರಲ್ಲಿ ಬದನೆಕಾಯಿ ಬಣ್ಣದ ಉಲ್ಲನ್. ಆ ಓಣಿಯಲ್ಲಿ ಮಗ್ಗದ ಸದ್ದಿಲ್ಲ. ಮಧ್ಯಾಹ್ನ ಎರಡಕ್ಕೆ ಕಾಂಚನಾ ಟಂಟಂ ಆಟೋ ಹತ್ತಿ ಹೋಗಿ, ಆ ಕೋಣೆಯ ಕಿಟಕಿಯ ಕೆಳಗೆ ಕೂತು ಹೆಣೆಯುತ್ತಿದ್ದಳು. ಗಂಗಾ ಏನಾದರೂ ಒಂದು ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದಳು. ಕಾಂಚನಾ ಸುಮ್ಮನೆ ಕೇಳುವ ಪೈಕಿಯಲ್ಲ. "ಆ ಹೆಣ್ಮಗಳಿಗಿ ಬುದ್ಧಿಲ್ಲ," "ಈ ಬರದಾಂವ ಎಂದೂ ರೊಟ್ಟಿ ಬಡದಿಲ್ಲ ಬಿಡು, ಹಂಚಿನ ಮ್ಯಾಲ ಇಷ್ಟೊತ್ತ ಬಿಟ್ರ ಕರಕಾಗಿ ಹೋಗತೈತಿ," ಎಂದು ಸಾಲಿಗೊಂದು ಮಾತು ಸೇರಿಸುತ್ತಿದ್ದಳು. ಐದಕ್ಕೆ ಚೀಲ ಮೊಳೆಗೆ ಹಾಕಿ ಎದ್ದು ಬರುತ್ತಿದ್ದಳು.

ಈ ಮೂರು ತಾಸನ್ನು ಮನೆಯಿಂದ ಬಿಡಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಮೊದಲ ದಿನವೇ ನಾಲ್ಕಕ್ಕೆ ಫೋನು ಬಂತು. ಮಹಾಲಿಂಗಪ್ಪ. "ಚಾಪುಡಿ ಡಬ್ಬಿ ಎಲ್ಲೈತಿ?" ಎರಡನೆಯ ದಿನ ಸಕ್ಕರೆಯಿಲ್ಲದ ಚಹಾಕ್ಕೆ ಶುಂಠಿ ಎಷ್ಟು? ಮೂರನೆಯ ದಿನ ಸೋಸುವ ಜಾಳಿಗೆ ಯಾವ ಮೊಳೆಗಿದೆ? ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ನಾಲ್ಕಾಯಿತು, ನಾಲ್ಕೂಕಾಲಾಯಿತು, ಫೋನಿಲ್ಲ. ಕಾಂಚನಾಳಿಗೆ ಕೈ ಓಡಲಿಲ್ಲ. ತಾನೇ ಫೋನು ಮಾಡಿದಳು.

"ಏನ್ರಿ, ಆರಾಮ ಅದೀರಿಲ್ಲೋ?"

"ಚಾ ಕುಡ್ಯಾಕತ್ತೇನಿ. ಅವ್ವಗೂ ಕೊಟ್ಟೇನಿ. ಫೋನ ಇಡು, ಆರಿಹೋಗತೈತಿ."

ಸುಭಾಷನ ಜೊತೆಗೂ ಒಂದು ಸಲ ಜಟಾಪಟಿ ಆಯಿತು. ಇಬ್ಬರು ಆಳು ಒಂದೇ ದಿನ ಬರಲಿಲ್ಲ. ಅವನು ಬಾಗಿಲಿಗೇ ಅಡ್ಡ ನಿಂತ. "ಅವ್ವಾ, ಇವತ್ತೊಂದಿನ ಕಂಡಿಕಿ ಸುತ್ತಿಕೊಡು. ಸ್ವೆಟರ ಏನ ಓಡಿ ಹೊಕ್ಕೈತೇನು?"

"ಮುಂಜಾನಿ ನಾ ಮಗ್ಗದ ಮ್ಯಾಲಿದ್ದಾಗ ಏಳಂತ ಅಂತಿದ್ದೇನೋ?"

"ಅದು ಕೆಲಸ."

"ಇದೂ ಕೆಲಸ. ಅದು ನಾಕು ತಾಸಿಂದು, ಇದು ಮೂರು ತಾಸಿಂದು. ಸರಿ, ದಾರಿ ಬಿಡು."

ಅವನು ದಾರಿ ಬಿಟ್ಟ. ಅವತ್ತು ಕಂಡಿಕೆ ಸುತ್ತಿದವನು ಮಹಾಲಿಂಗಪ್ಪ. ಚಹಾ ಕಲಿತವನಿಗೆ ಅದೇನು ದೊಡ್ಡದು?

ಸೊಸೆ ಮಂಗಲಾ ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಲೋಕಾಪುರದ ಒಕ್ಕಲುತನದ ಮನೆಯ ಹುಡುಗಿ ಅವಳು, ಮಗ್ಗ ಗೊತ್ತಿಲ್ಲ. ಒಂದು ದಿನ ಮನೆಯ ಚೀಲ ತೆಗೆದು, "ಅತ್ತಿ, ನನಗೂ ಹೇಳಿಕೊಡ್ರಿ," ಎಂದಳು. ಕಾಂಚನಾ ಹೇಳಿಕೊಟ್ಟಳು. ಹತ್ತಿಪ್ಪತ್ತು ಟೊಪ್ಪಿಗೆ ಆದಮೇಲೆ ಅವಳ ಗಮನಕ್ಕೆ ಒಂದು ಸಂಗತಿ ಬಂತು. ಮಂಗಲಾಳ ಟೊಪ್ಪಿಗೆಯಲ್ಲಿ ಪಟ್ಟಿಯೇ ಇಲ್ಲ. ಮಗ್ಗ ಓಡಲಿ, ನಿಲ್ಲಲಿ, ಒಂದೇ ಹದ. ಈ ಹುಡುಗಿಯ ಕೈಗೆ ಮಗ್ಗದ ತಾಳ ಅಂಟೇ ಇರಲಿಲ್ಲ. ಕಾಂಚನಾಳಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಬಹಳ ಸಂತೋಷವೂ ಆಯಿತು. ಎರಡನ್ನೂ ಬಾಯಿಬಿಟ್ಟು ಹೇಳಲಿಲ್ಲ. "ಪರವಾಗಿಲ್ಲ," ಎಂದಳು.

ಬದನೆಕಾಯಿ ಬಣ್ಣದ ಸ್ವೆಟರು ಬೆನ್ನು ಮುಗಿಯಿತು, ಎದೆ ಮುಗಿಯಿತು, ಎಡಗೈ ಮುಗಿಯಿತು. ಕಾಂಚನಾ ಪ್ರತಿ ಭಾಗವನ್ನೂ ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡುತ್ತಿದ್ದಳು. ಒಂದು ಗೆರೆಯಿಲ್ಲ. "ಈ ಸಲ ಚಳಿ ಬರೂದ್ರಾಗ ನಿನ್ನ ಹಳೇದನ್ನ ಒಲಿಗಿ ಹಾಕತೇನಿ ನೋಡು," ಎಂದು ಗಂಗಾಳಿಗೆ ಹೇಳಿದಳು.

ದಸರೆಯಾದ ಮೇಲೆ ಅವಳಿಗೆ ಎದೆ ಬಿಗಿದಂತಾಗತೊಡಗಿತು. ಸುಭಾಷ್ ಜಮಖಂಡಿಗೆ ಕರೆದುಕೊಂಡು ಹೋದ. ಹೃದಯ ದಣಿದಿದೆ, ಇನ್ನು ಮಗ್ಗ ಬೇಡ, ಮೆಟ್ಟಿಲು ಆದಷ್ಟು ಕಡಿಮೆ ಎಂದರು ಡಾಕ್ಟರು. ಎಷ್ಟು ದಿನ ಎಂದು ಅವಳೇ ಕೇಳಿದಳು. ಡಾಕ್ಟರು ಔಷಧದ ಚೀಟಿ ಬರೆಯುತ್ತಲೇ ಇದ್ದರು. ಒಂದೂವರೆಗೆ ಬನಹಟ್ಟಿಗೆ ವಾಪಸು ಬಂದವಳು ಮುಖ ತೊಳೆದುಕೊಂಡು, ಎರಡಕ್ಕೆ ಎಂದಿನಂತೆ ಟಂಟಂ ಹತ್ತಿದಳು. ಗಂಗಾಳಿಗೆ ಏನೂ ಹೇಳಲಿಲ್ಲ. ಸ್ವೆಟರಿನ ಬಲಗೈ ತೋಳು ಹೆಣೆಯುತ್ತ ಕೂತಳು. ಗಂಗಾ ಓದಿದಳು. ಅವತ್ತು ಓದಿನ ನಡುವೆ ಕಾಂಚನಾ ಒಂದೂ ಮಾತು ಸೇರಿಸಲಿಲ್ಲ. ಕಥೆ ಹಿಡಿಸಿರಬೇಕು ಎಂದುಕೊಂಡಳು ಗಂಗಾ. ಆ ದಡ್ಡತನಕ್ಕೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ದೀಪಾವಳಿ ಕಳೆದು ಕೆಲವೇ ದಿನಗಳಲ್ಲಿ ಆ ಕೋಣೆಯ ಮೆಟ್ಟಿಲು ಹತ್ತುವುದು ಕಾಂಚನಾಳ ಕೈಲಿ ಆಗದಾಯಿತು. ಮುಂಗೈ ಅಂಚಿನಿಂದ ಶುರುವಾಗಿದ್ದ ಬಲಗೈ ತೋಳು ಮೇಲೆ ಮೊಣಕೈಯವರೆಗೆ ಬಂದು ನಿಂತಿತ್ತು. ಗಂಗಾ ಮೊಳೆಯಿಂದ ಚೀಲ ಇಳಿಸಿಕೊಂಡು ಬನಹಟ್ಟಿಗೆ ತಾನೇ ಬಂದಳು.

ಕಾಂಚನಾ ಹೊರಸಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಿತ್ತಿಲಲ್ಲಿ ಆರು ಮಗ್ಗ ಖಟಾಖಟ್ ಎನ್ನುತ್ತಿದ್ದವು. ಅವಳು ಕಡ್ಡಿ ಮುಟ್ಟಲಿಲ್ಲ. ಒಂದು ಸಾಲು ಇಲ್ಲಿ ಹೆಣೆದರೆ ಸಾಕು, ಕಂಡುಬಿಡುತ್ತದೆ.

"ಬಿಡಬೇ," ಎಂದಳು ಗಂಗಾ. "ನನಗ ಹಳೇದ ಐತಿ."

"ಅದರ ಸುದ್ದಿ ತಗೀಬ್ಯಾಡ."

ಗೋಡೆಗೆ ಒರಗಿದ್ದ ಮುತ್ತವ್ವ ಹೇಳಿದಳು: "ಅವಸರ ಯಾಕ? ಆರಾಮಾಗು, ನೀನ ಮುಗಸೀಯಂತ. ಒಂದಕ್ಕ ಒಂದ ಕೈ."

ಕಾಂಚನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಕಾಯಬಹುದು. ಬಾಣಂತನದ ಸೀರೆ ಕಾದಂತೆ ಇದೂ ಕಾದೀತು. ಆದರೆ ಆಗ ಮಗ್ಗಕ್ಕೆ ವಾಪಸು ಬರುವುದು ಗೊತ್ತಿತ್ತು. ಮತ್ತೆ ಆ ಹಳೆಯ ಪಟ್ಟಿ ಪಟ್ಟಿ ಸ್ವೆಟರಿನಲ್ಲಿ ಗಂಗಾ ಇನ್ನೊಂದು ಚಳಿಗಾಲ ಕಳೆಯುವುದನ್ನು ನೆನೆದಳು. ಅಲ್ಲಿಗೆ ಅವಳ ಲೆಕ್ಕ ಮುಗಿಯಿತು.

"ಮಂಗಲಾ, ಬಾ ಇಲ್ಲಿ. ನಾಳಿಂದ ಎರಡಕ್ಕ ನೀ ರಬಕವಿಗೆ ಹೋಗು. ಈ ಚೀಲ ತಗೊಂಡು."

ಮಂಗಲಾ ಗಾಬರಿಯಾದಳು. "ನಾ ಒಲ್ಲೆರಿ ಅತ್ತಿ. ನಿಮ್ಮ ಕೈ ಹಿಡದದ್ದು. ಆಯಿ ಬೆರಳಿಟ್ಟ ತೋರಸ್ತಾರ."

"ತೋರಸಲಿ. ಪೈಜ ಕಟ್ಟತೇನಿ, ಅವರಿಗಿ ಸಿಗೂದಿಲ್ಲ."

"ನನಗ ಸಿಗೂದಿಲ್ಲ?" ಎಂದಳು ಮುತ್ತವ್ವ. ನೇರವಾಗಿ ಕೂತಳು.

"ಮನಿ ಕೆಲಸ ಯಾರ ಮಾಡ್ತಾರ್ರಿ? ನನ್ನ ಹುಡುಗನ್ನ ಯಾರ ನೋಡ್ತಾರ?" ಮಂಗಲಾಳ ಕೊನೆಯ ಅಸ್ತ್ರ.

"ನಿಮ್ಮ ಮಾವಗ ಹನ್ನೊಂದ ದಿನ ಫೋನಿನ್ಯಾಗ ಸಾಲಿ ಕಲಿಸೇನಿ. ಏನ ದಂಡಕ್ಕ ಕಲಿಸೇನಿ?"

ಮಂಗಲಾ ಒಂಬತ್ತು ದಿನ ಹೋದಳು. ಅದೇ ಕಿಟಕಿಯ ಕೆಳಗೆ ಕೂತು ಹೆಣೆದಳು. ಗಂಗಾ ಓದಿದಳು. ಮಂಗಲಾ ನಡುವೆ ಮಾತಾಡುತ್ತಿರಲಿಲ್ಲ, ಆದರೆ ಆರನೆಯ ದಿನ, "ಮೌಶಿ, ಆ ಹೆಣ್ಮಗಳಿಗಿ ಬುದ್ಧಿಲ್ಲ ನೋಡ್ರಿ," ಎಂದುಬಿಟ್ಟಳು. ಗಂಗಾಳಿಗೆ ಮುಂದಿನ ಸಾಲು ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಹತ್ತನೆಯ ದಿನ ಸ್ವೆಟರನ್ನು ತಂದು ಮುತ್ತವ್ವನ ಮಡಿಲಿಗೆ ಹಾಕಿದರು. ಮಹಾಲಿಂಗಪ್ಪ ಬಾಗಿಲಲ್ಲಿ ನಿಂತ. ಗಂಗಾ ಮಗ್ಗದ ಪಕ್ಕ ಕೂತಳು. ಏನು ನಡೆಯುತ್ತಿದೆಯೆಂದು ಇಣುಕಿ ನೋಡಿದ ಸುಭಾಷ್, ಯಾರೂ ಹೇಳದೆಯೇ ಹೋಗಿ ಆರೂ ಮಗ್ಗ ನಿಲ್ಲಿಸಿ ಬಂದ. ಕರೆಂಟಿದ್ದಾಗ ಮಗ್ಗ ನಿಂತದ್ದು ಆ ಮನೆಯಲ್ಲಿ ಅಪರೂಪ.

ಮುತ್ತವ್ವ ಬೆನ್ನು ಸವರಿದಳು, ಎದೆ ಸವರಿದಳು, ಎಡಗೈ ಸವರಿದಳು, ತಲೆಯಾಡಿಸಿದಳು. ಬಲಗೈಯನ್ನು ಭುಜದಿಂದ ಹಿಡಿದಳು. ಬೆರಳು ನಿಧಾನಕ್ಕೆ ಇಳಿಯಿತು. ಮೊಣಕೈ ಬಂತು. ಮಂಗಲಾ ಬಗ್ಗಿ ನೋಡಿದಳು. ಬೆರಳು ಅಲ್ಲಿ ನಿಲ್ಲದೆ ದಾಟಿ ಕೆಳಗೆ ಹೋಯಿತು. ಮುಂಗೈ ಹತ್ತಿರ, ಅಂಚಿನಿಂದ ನಾಲ್ಕು ಬೆರಳು ಮೇಲೆ, ಅದು ನಿಂತಿತು. ಮುಂದೆ ಹೋಯಿತು, ಮತ್ತೆ ಬಂದು ಅಲ್ಲೇ ನಿಂತಿತು.

"ಇಲ್ಲಿ. ಇಲ್ಲಿ ಕೈ ಬದಲಾಗೈತಿ."

ಮಂಗಲಾ ಜೋರಾಗಿ ನಕ್ಕುಬಿಟ್ಟಳು. "ಸೋತ್ರಿ ಆಯಿ! ನಾ ಹಿಡದದ್ದು ಮೊಣಕೈಯಿಂದ ಮ್ಯಾಲ. ಅದು ಅತ್ತಿಯವರದ ಕೈ."

"ನನ್ನ ಬೆರಳ ಸುಳ್ಳ ಹೇಳೂದಿಲ್ಲ."

"ತರ್ರಿ ಇಲ್ಲಿ," ಎಂದು ಕಾಂಚನಾ ತೋಳನ್ನು ತೆಗೆದುಕೊಂಡು ತಾನೂ ಕಣ್ಣು ಮುಚ್ಚಿ ಸವರಿದಳು. ಇತ್ತು. ಏಳೆಂಟು ಸಾಲು, ಕೂದಲೆಳೆಯಷ್ಟು ಸಡಿಲು. ಬೆಳಕಿಗೆ ಹಿಡಿದರೂ ಕಾಣದಷ್ಟು. ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ಚೀಟಿ ಬರೆಯುತ್ತಲೇ ಇದ್ದ ಡಾಕ್ಟರು, ಮುಖ ತೊಳೆದ ತಣ್ಣೀರು, ಕಿಟಕಿ.

"ಸೋತಿಲ್ಲ," ಎಂದಳು. "ಅತ್ತಿ ಖರೆ ಹೇಳ್ಯಾರ. ಜಮಖಂಡಿಗಿ ಹೋಗಿ ಬಂದ ದಿನದ್ದಿದು. ಗಂಗಾ, ಅವತ್ತ ನೀ ಓದಾಕತ್ತಿದ್ದಿ. ನಾ ಒಂದಕ್ಷರ ಕೇಳಲಿಲ್ಲ."

ಮುತ್ತವ್ವ ಕೈ ಚಾಚಿ ಸೊಸೆಯ ಮೊಣಕಾಲನ್ನು ಹುಡುಕಿ ಅದರ ಮೇಲೆ ಅಂಗೈ ಇಟ್ಟಳು.

"ಹಂಗಾರ ಪೈಜ ಯಾರ ಗೆದ್ದಂಗಾತು?" ಎಂದು ಮಹಾಲಿಂಗಪ್ಪ ಕೇಳಿದ.

"ಮಂಗಲಾ," ಎಂದಳು ಕಾಂಚನಾ. "ಅಕಿ ಹಿಡದ ಜಾಗಾ ಯಾರಿಗೂ ಸಿಗಲಿಲ್ಲ." ಸ್ವೆಟರನ್ನು ಗಂಗಾಳ ಕಡೆ ಎಸೆದಳು. "ಹಾಕ್ಕೊ. ಹಳೇದ್ರಾಗ ಹದಿನಾಕ ಇದ್ದುವು. ಇದ್ರಾಗ ಒಂದ. ಅದೂ ಕುರುಡಿಗಿ ಅಷ್ಟ ಕಾಣತೈತಿ."

"ನಿನ್ನ ನಾಲಿಗಿಗಿ ಹೃದಯದ ಬ್ಯಾನಿ ಬಂದಿಲ್ಲ ನೋಡು," ಎಂದಳು ಮುತ್ತವ್ವ.

ಗಂಗಾ ಹಾಕಿಕೊಂಡು ಎದ್ದು ನಿಂತಳು. ಕಾಂಚನಾ ಅವಳನ್ನು ಬಾಗಿಲ ಬೆಳಕಿಗೆ ಬೆನ್ನು ಮಾಡಿಸಿ ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿದಳು. ಸೀರೆ ಮಡಿಚಿ ಕೊಡುವ ಮುನ್ನ ನೋಡುತ್ತಿದ್ದ ಹಾಗೆಯೇ. "ಆತು," ಎಂದಳು. "ಸುಭಾಷಾ, ಮಗ್ಗ ಚಾಲೂ ಮಾಡಪಾ. ಎಷ್ಟೊತ್ತ ನಿಲ್ಲಸ್ತಿ?"

ಮರುದಿನ ಎರಡಕ್ಕೆ ಮಂಗಲಾ ಸುಮ್ಮನೆ ಅಡುಗೆಮನೆಯಲ್ಲಿ ನಿಂತಿದ್ದಳು. ಸ್ವೆಟರು ಮುಗಿದಿತ್ತು, ಹೋಗಲು ಕಾರಣವಿರಲಿಲ್ಲ.

"ಯಾಕ ನಿಂತಿ? ಟಂಟಂ ಹೊಕ್ಕೈತಿ," ಎಂದು ಹೊರಸಿನಿಂದ ಕಾಂಚನಾ ಕೂಗಿದಳು.

"ಯಾವ ಚೀಲ ಒಯ್ಲಿರಿ ಅತ್ತಿ?"

"ಆಯಿದು. ಶಾಲಿಂದು. ನಿನ್ನ ಕೈಗೆ ಕರೆಂಟಿನ ಹಂಗಿಲ್ಲ."

ಮಂಗಲಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ನಾಲ್ಕಕ್ಕೆ ಮಹಾಲಿಂಗಪ್ಪ ಯಾರನ್ನೂ ಏನೂ ಕೇಳದೆ ಚಹಾ ಇಟ್ಟ.